ನೌಕರರೋ, ಸ್ವತಂತ್ರ ಗುತ್ತಿಗೆದಾರರೋ: ಸಣ್ಣ ಉದ್ಯಮದವರು ಹೇಗೆ ತೀರ್ಮಾನಿಸಬೇಕು?

ಉದ್ಯಮ ಸ್ವಲ್ಪ ಕುದುರಿಕೊಂಡ ಮೇಲೆ ಮಾಲೀಕರೆಲ್ಲರಿಗೂ ಎದುರಾಗುವ ಇಕ್ಕಟ್ಟು ಇದು. ಲೆಕ್ಕ ಬರೆಯಲು, ವೆಬ್‌ಸೈಟ್ ನೋಡಿಕೊಳ್ಳಲು, ಆರ್ಡರ್ ಕಳಿಸಲು, ಗ್ರಾಹಕರ ಫೋನ್ ಎತ್ತಲು ಇರುವ ಕೈಗಳು ಸಾಲುವುದಿಲ್ಲ. ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಂಡರೆ ವ್ಯಾಪಾರ ಇಳಿದ ತಿಂಗಳಲ್ಲಿ ಹಣ ಎಲ್ಲಿಂದ ತರುವುದು ಎಂಬ ಚಿಂತೆ. ಹೊರಗಿನವರಿಗೆ ಕೆಲಸ ಒಪ್ಪಿಸಿದರೆ ಬೇಕಾದಾಗ ಸಿಗುತ್ತಾರೋ ಇಲ್ಲವೋ ಎಂಬ ಅನುಮಾನ. ಕೊನೆಗೆ ಹೆಚ್ಚಿನವರು ಯಾವುದು ಅಗ್ಗ ಎಂದು ಕೇಳಿಕೊಂಡು, ಆ ಒಂದು ಉತ್ತರದ ಮೇಲೆ ತೀರ್ಮಾನ ಮಾಡಿಬಿಡುತ್ತಾರೆ.

ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಈ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂದು ದಿನದಿನವೂ ಹೇಳುವವರು ಯಾರು ಎಂಬುದು. ಹೇಳುವವರು ನೀವಾದರೆ ನಿಮಗೆ ಬೇಕಿರುವುದು ನೌಕರರು. ಅವರ ಜೊತೆ ಎಂಥ ಕಾಗದ ಬರೆಸಿಕೊಂಡರೂ ಅದು ಬದಲಾಗದು. ಕೆಲಸ ಮುಗಿದ ಮೇಲೆ ಕೈಗೆ ಬರುವ ಫಲವಷ್ಟೇ ಮುಖ್ಯವಾಗಿ, ಅದನ್ನು ಮಾಡುವ ಬಗೆಯನ್ನು ಅವರಿಗೇ ಬಿಡಲು ನಿಮಗೆ ಅಡ್ಡಿಯಿಲ್ಲದಿದ್ದರೆ ಸ್ವತಂತ್ರ ಗುತ್ತಿಗೆದಾರರು ಸರಿಹೊಂದುತ್ತಾರೆ.

ತೂಗಿ ನೋಡುವ ಮುನ್ನ

ಐದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲನೆಯದು ಕೆಲಸದ ಹರಿವು: ದಿನವೂ ಬರುತ್ತದೆಯೇ, ತಿಂಗಳಿಗೊಮ್ಮೆಯೇ, ಒಂದು ಸಲ ಮುಗಿದರೆ ಮುಗಿಯಿತೇ? ಎರಡನೆಯದು ಹಿಡಿತ: ಸಮಯ, ಜಾಗ, ವಿಧಾನ ಇವುಗಳಲ್ಲಿ ನಿಮ್ಮ ಮಾತು ಎಷ್ಟು ನಡೆಯಬೇಕು? ಮೂರನೆಯದು ಪೂರ್ತಿ ಖರ್ಚು. ನಾಲ್ಕನೆಯದು ತಿಳಿವಳಿಕೆ ಮತ್ತು ಹಕ್ಕು: ಆ ವ್ಯಕ್ತಿ ಹೋದ ಮೇಲೆ ನಿಮ್ಮ ಬಳಿ ಏನು ಉಳಿಯುತ್ತದೆ? ಐದನೆಯದು ಬಿಡುಗಡೆ: ಕೆಲಸ ಕಡಿಮೆಯಾದಾಗ ಎಷ್ಟು ಬೇಗ, ಯಾರಿಗೂ ಅನ್ಯಾಯವಾಗದಂತೆ ನಂಟು ಮುಗಿಸಬಹುದು?

ಇವುಗಳಲ್ಲಿ ಎರಡನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಕಾನೂನು ನೋಡುವುದೂ ಮುಖ್ಯವಾಗಿ ಅದನ್ನೇ.

ಒಪ್ಪಂದದ ಹೆಸರನ್ನು ಕಾನೂನು ನಂಬುವುದಿಲ್ಲ

'ಇವರು ನಮ್ಮ ನೌಕರರಲ್ಲ' ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಹೊರಡಿಸಿದ 198ನೇ ಶಿಫಾರಸು ಇದಕ್ಕೆ ನೇರ ಉತ್ತರ ಕೊಡುತ್ತದೆ. ಕಾಗದದಲ್ಲಿ ಏನೇ ಇರಲಿ, ಕೆಲಸ ನಿಜವಾಗಿ ನಡೆಯುವ ರೀತಿ ಮತ್ತು ಹಣ ಕೊಡುವ ರೀತಿಯನ್ನು ನೋಡಿ ಸಂಬಂಧವನ್ನು ನಿರ್ಧರಿಸಬೇಕು ಎನ್ನುತ್ತದೆ ಅದು. ಅದು ಪಟ್ಟಿ ಮಾಡುವ ಗುರುತುಗಳೂ ಸ್ಪಷ್ಟವಾಗಿವೆ. ಇನ್ನೊಬ್ಬರ ಸೂಚನೆ, ಹತೋಟಿಯಲ್ಲಿ ಕೆಲಸ ನಡೆಯುತ್ತದೆಯೇ, ಆ ವ್ಯಕ್ತಿಯೇ ಖುದ್ದಾಗಿ ಮಾಡಬೇಕೇ, ಗೊತ್ತಾದ ಹೊತ್ತು, ಗೊತ್ತಾದ ಜಾಗ ಇದೆಯೇ, ಉಪಕರಣ ಕೊಡುವವರು ಯಾರು, ಹಣ ನಿಯತವಾಗಿ ಬರುತ್ತದೆಯೇ, ಆ ವ್ಯಕ್ತಿಗೆ ಇದೇ ಮುಖ್ಯ ಆದಾಯವೇ.

ನ್ಯಾಯಾಲಯಗಳು ಈ ದಾರಿಯಲ್ಲಿ ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ಭಾರತದ ಸುಪ್ರೀಂ ಕೋರ್ಟ್ 1973ರಲ್ಲಿ ತೀರ್ಮಾನಿಸಿದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣವನ್ನು ನೋಡಿ. ಅಲ್ಲಿನ ದರ್ಜಿಗಳಿಗೆ ತಿಂಗಳ ಸಂಬಳ ಇರಲಿಲ್ಲ, ಹೊಲಿದ ಬಟ್ಟೆಗೆ ಇಷ್ಟು ಎಂದು ಕೂಲಿ. ಇಷ್ಟೇ ಹೊತ್ತಿಗೆ ಬರಬೇಕೆಂಬ ಕಟ್ಟುಪಾಡು ಇರಲಿಲ್ಲ. ಕೆಲವರು ಬಟ್ಟೆಯನ್ನು ಮನೆಗೆ ಒಯ್ದು ಹೊಲಿಯಬಹುದಿತ್ತು. ಇಷ್ಟೆಲ್ಲ ಇದ್ದೂ ನ್ಯಾಯಾಲಯ ಅವರನ್ನು ನೌಕರರೆಂದೇ ಪರಿಗಣಿಸಿತು. ಹೊಲಿಗೆ ಯಂತ್ರಗಳು ಅಂಗಡಿಯವು, ಹೊಲಿಗೆ ಸರಿಬಾರದಿದ್ದರೆ ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರ ಅಂಗಡಿಯದು. ಹತೋಟಿ ಇದೆ ಎನ್ನಲು ಇಂಥವೇ ಆಧಾರವಾದವು. ತುಂಡುಕೂಲಿ ಕೊಟ್ಟರೆ ನೌಕರಿಯಾಗುವುದಿಲ್ಲ ಎಂದುಕೊಂಡವರು ಈ ತೀರ್ಪನ್ನು ಮರೆಯಬಾರದು.

ಬ್ರಿಟನ್ನಿನಲ್ಲಿ 2021ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ವಿಷಯದಲ್ಲಿ ಹೇಳಿದ್ದೂ ಇದೇ ಧಾಟಿಯಲ್ಲಿ. ಬಾಡಿಗೆ ದರ ನಿಗದಿ ಮಾಡುವುದು ಕಂಪನಿ, ಷರತ್ತು ಹಾಕುವುದು ಕಂಪನಿ, ಸವಾರಿಗಳನ್ನು ಒಪ್ಪದೇ ಬಿಡುವವರನ್ನು ಹದ್ದಿನಲ್ಲಿಡುವುದೂ ಕಂಪನಿ. ಹಾಗಾಗಿ ಚಾಲಕರು ಕನಿಷ್ಠ ವೇತನ, ಸಂಬಳಸಹಿತ ರಜೆಗೆ ಅರ್ಹರಾದ 'ವರ್ಕರ್' ಎಂದಿತು. ಅದು ನೌಕರ ಮತ್ತು ಸ್ವತಂತ್ರ ವೃತ್ತಿಗಾರರ ನಡುವೆ ಬ್ರಿಟಿಷ್ ಕಾನೂನು ಇಟ್ಟಿರುವ ಮೂರನೇ ವರ್ಗ.

ಕ್ಯಾಲಿಫೋರ್ನಿಯದ ಅತ್ಯುನ್ನತ ನ್ಯಾಯಾಲಯ 2018ರಲ್ಲಿ ಡೈನಮೆಕ್ಸ್ ಎಂಬ ಡೆಲಿವರಿ ಕಂಪನಿಯ ಪ್ರಕರಣದಲ್ಲಿ ಮೂರು ಪ್ರಶ್ನೆಗಳ ಪರೀಕ್ಷೆಯೊಂದನ್ನು ಅಳವಡಿಸಿಕೊಂಡಿತು. ಕೆಲಸ ಮಾಡುವವರು ನಿಮ್ಮ ಹತೋಟಿಯಿಂದ ಹೊರಗಿದ್ದಾರೆಯೇ? ಅವರು ಮಾಡುವ ಕೆಲಸ ನಿಮ್ಮ ಉದ್ಯಮದ ಎಂದಿನ ಕೆಲಸಕ್ಕಿಂತ ಬೇರೆಯೇ? ಅವರು ಅದೇ ವೃತ್ತಿಯಲ್ಲಿ ಸ್ವತಂತ್ರವಾಗಿ ನೆಲೆನಿಂತವರೇ? ಮೂರಕ್ಕೂ ಹೌದು ಎನ್ನುವುದನ್ನು ಮಾಲೀಕರು ತೋರಿಸಬೇಕು, ಒಂದು ತಪ್ಪಿದರೂ ಅವರು ನೌಕರರೇ. ಈ ಪರೀಕ್ಷೆ ಎಲ್ಲ ಕಡೆ ಕಾನೂನಲ್ಲ. ಕ್ಯಾಲಿಫೋರ್ನಿಯದಲ್ಲೇ ಹಲವು ವೃತ್ತಿಗಳಿಗೆ ವಿನಾಯಿತಿ ಇದೆ. ಆದರೂ ನಿಮಗೆ ನೀವೇ ಹಾಕಿಕೊಳ್ಳಲು ಇದಕ್ಕಿಂತ ಚುರುಕಾದ ಪರೀಕ್ಷೆ ನನಗೆ ಕಂಡಿಲ್ಲ. ಎರಡನೇ ಪ್ರಶ್ನೆಯನ್ನು ವಿಶೇಷವಾಗಿ ಗಮನಿಸಿ. ಬೇಕರಿಯವರು ಕೊಳಾಯಿ ರಿಪೇರಿಗೆ ಹೊರಗಿನವರನ್ನು ಕರೆಸಿದರೆ ಯಾರೂ ಪ್ರಶ್ನಿಸುವುದಿಲ್ಲ. ಬ್ರೆಡ್ ಬೇಯಿಸುವವರನ್ನೇ ಸ್ವತಂತ್ರ ಗುತ್ತಿಗೆದಾರರೆಂದರೆ ಪ್ರಶ್ನೆ ಏಳದೇ ಇರದು.

ತಪ್ಪಾಗಿ ವರ್ಗೀಕರಿಸಿದ್ದಕ್ಕೆ ತೆರುವ ಬೆಲೆ ಹಿಂದಿನ ವರ್ಷಗಳಿಂದ ಲೆಕ್ಕವಾಗುತ್ತದೆ. ಜರ್ಮನಿಯಲ್ಲಿ ಮಾಲೀಕರ ಪಾಲು, ನೌಕರರ ಪಾಲು ಎರಡೂ ಸೇರಿ ಸಾಮಾಜಿಕ ವಿಮೆಯ ಬಾಕಿಯನ್ನು ಸಾಮಾನ್ಯವಾಗಿ ನಾಲ್ಕು ವರ್ಷ ಹಿಂದಕ್ಕೆ ವಸೂಲಿ ಮಾಡಬಹುದು. ಬೇಕೆಂದೇ ಮಾಡಿದ್ದರೆ ಮೂವತ್ತು ವರ್ಷ. ಮೈಕ್ರೋಸಾಫ್ಟ್ ಕಂಪನಿ ವರ್ಷಗಟ್ಟಲೆ ತನ್ನ ನೌಕರರ ಪಕ್ಕದಲ್ಲೇ ಅದೇ ಕೆಲಸ ಮಾಡಿಸಿಕೊಂಡವರನ್ನು ಹೊರಗಿನವರೆಂದು ಕರೆದು, ಕೊನೆಗೆ 2000ದಲ್ಲಿ 9.7 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಳ್ಳಬೇಕಾಯಿತು. ದೊಡ್ಡ ಕಂಪನಿ ಅಂಥ ಹೊಡೆತ ತಡೆದುಕೊಳ್ಳುತ್ತದೆ. ಐದಾರು ಜನರ ಉದ್ಯಮಕ್ಕೆ ಅದರ ಸಣ್ಣ ಪಾಲೂ ಬಾಗಿಲು ಮುಚ್ಚಿಸಬಲ್ಲದು.

ಇರುವ ನಾಲ್ಕು ದಾರಿಗಳು

ಪೂರ್ಣಾವಧಿ ನೌಕರರು ನಿಮಗೆ ಕೊಡುವುದು ತಮ್ಮ ಸಮಯವನ್ನು. ಬೆಳಿಗ್ಗೆ ಬಿಲ್ ಮಾಡಿಸಿ, ಮಧ್ಯಾಹ್ನ ಗೋದಾಮಿಗೆ ಕಳಿಸಿ, ಸಂಜೆ ಗ್ರಾಹಕರಿಗೆ ಫೋನ್ ಮಾಡಿಸಬಹುದು, ಪ್ರತಿಯೊಂದಕ್ಕೂ ಬೇರೆ ಒಪ್ಪಂದ ಬೇಕಿಲ್ಲ. ಯಾವ ಗ್ರಾಹಕರು ತಡವಾಗಿ ಹಣ ಕೊಡುತ್ತಾರೆ, ಯಾವ ಸರಬರಾಜುದಾರರ ಮಾತು ನಂಬಬಹುದು ಎಂಬಂಥ, ಎಲ್ಲಿಯೂ ಬರೆದಿಡದ ತಿಳಿವಳಿಕೆ ಅವರಲ್ಲಿ ದಿನೇ ದಿನೇ ಸೇರುತ್ತದೆ. ಸಣ್ಣ ಉದ್ಯಮದಲ್ಲಿ ಈ ತಿಳಿವಳಿಕೆಗೆ ಬೆಲೆ ಕಟ್ಟುವುದು ಕಷ್ಟ, ಅದು ಹೋದಾಗಲೇ ಗೊತ್ತಾಗುವುದು. ಇದಕ್ಕೆ ಪ್ರತಿಯಾಗಿ ನೀವು ಒಪ್ಪಿಕೊಳ್ಳುವ ಹೊಣೆಯೂ ದೊಡ್ಡದು: ವ್ಯಾಪಾರ ಇರಲಿ ಬಿಡಲಿ ಸಂಬಳ, ರಜೆ, ಸಾಮಾಜಿಕ ಭದ್ರತೆಯ ವಂತಿಗೆ, ಕೂರಲು ಜಾಗ, ಕೆಲಸಕ್ಕೆ ಸಲಕರಣೆ, ತೆಗೆಯಬೇಕಾದರೆ ನೋಟಿಸ್ ಅವಧಿ.

ಅರೆಕಾಲಿಕ ನೌಕರರು ಅಥವಾ ಇಂತಿಷ್ಟು ಅವಧಿಗೆ ನೇಮಕವಾದವರದು ಎರಡನೇ ದಾರಿ. ಒಂದು ವರ್ಷದ ಒಪ್ಪಂದದ ಮೇಲೆ ಸಂಬಳಕ್ಕೆ ಬರುವವರೂ ನೌಕರರೇ ಎಂಬುದು ನೆನಪಿರಲಿ. ಅವಧಿ ಗೊತ್ತಿದೆ ಎಂದ ಮಾತ್ರಕ್ಕೆ ಅವರು ಸ್ವತಂತ್ರ ಗುತ್ತಿಗೆದಾರರಾಗುವುದಿಲ್ಲ. ಈ ದಾರಿಯನ್ನು ಯಾರೂ ಸರಿಯಾಗಿ ಯೋಚಿಸುವುದಿಲ್ಲ ಎಂಬುದು ನನ್ನ ಬೇಸರ. ದಿನಕ್ಕೆ ನಾಲ್ಕು ಗಂಟೆಯ ಕೆಲಸ, ಅದೂ ನಿಮ್ಮ ಹೇಳಿಕೆಯಂತೆ ನಡೆಯಬೇಕು ಎಂದಿದ್ದರೆ ಫ್ರೀಲ್ಯಾನ್ಸರ್ ಎಂಬ ಹೆಸರಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವುದಕ್ಕಿಂತ ಅರೆಕಾಲಿಕ ನೇಮಕಾತಿ ನೇರವಾದದ್ದು, ಭಯವಿಲ್ಲದ್ದು. ಮಕ್ಕಳು ಚಿಕ್ಕವರಿರುವ ತಾಯಂದಿರು, ನಿವೃತ್ತರು, ಓದುತ್ತಲೇ ದುಡಿಯುವವರು ಹೀಗೆ ಒಳ್ಳೆಯ ಅನುಭವಿಗಳೇ ಈ ಹೊಂದಾಣಿಕೆಯನ್ನು ಬಯಸುವುದುಂಟು.

ಸ್ವತಂತ್ರ ಗುತ್ತಿಗೆದಾರರು, ಅಂದರೆ ಫ್ರೀಲ್ಯಾನ್ಸರ್‌ಗಳು, ತಮ್ಮದೇ ಉದ್ಯಮ ನಡೆಸುವವರು. ನೀವು ಅವರ ಗ್ರಾಹಕರು, ಯಜಮಾನರಲ್ಲ. ನೀವು ಕಲಿಸದೆಯೇ ಕೆಲಸ ಬಲ್ಲವರು ಸಿಗುತ್ತಾರೆ, ತಿಂಗಳುಗಟ್ಟಲೆ ತರಬೇತಿಯ ಮಾತಿಲ್ಲ. ಕೆಲಸ ಮುಗಿದರೆ ಲೆಕ್ಕ ಚುಕ್ತಾ. ಆದರೆ ಅವರಿಗೆ ಬೇರೆ ಗ್ರಾಹಕರೂ ಇರುತ್ತಾರೆ. ನಿಮ್ಮ ತುರ್ತು ಅವರ ತುರ್ತಾಗಬೇಕಿಲ್ಲ. ನಿಮ್ಮ ಕೆಲಸವನ್ನು ಅವರು ತಮ್ಮ ಸಹಾಯಕರಿಂದ ಮಾಡಿಸಿದರೆ ಅದನ್ನು ಆಕ್ಷೇಪಿಸುವಂತಿಲ್ಲ, ಒಪ್ಪಂದದಲ್ಲಿ ಬರೆದಿರದಿದ್ದರೆ. ಹಾಗೆ ಬರೆದರೆ ಅದೇ ಹತೋಟಿಯ ಒಂದು ಗುರುತಾಗಬಹುದು.

ನಾಲ್ಕನೆಯದು ಏಜೆನ್ಸಿ. ಲೆಕ್ಕಪತ್ರವನ್ನು ಒಂದು ಸಂಸ್ಥೆಗೆ, ಸ್ವಚ್ಛತೆಯನ್ನು ಇನ್ನೊಂದಕ್ಕೆ ವಹಿಸುವುದು. ಬರುವವರು ರಜೆ ಹಾಕಿದರೆ ಬದಲಿ ಕಳಿಸುವುದು ಅವರ ಹೊಣೆ. ಒಬ್ಬರೇ ವ್ಯಕ್ತಿಯ ಮೇಲೆ ನಿಂತಿರುವ ಭಯ ಇದರಿಂದ ಕಡಿಮೆಯಾಗುತ್ತದೆ. ಬೆಲೆಯಲ್ಲಿ ಏಜೆನ್ಸಿಯ ಲಾಭವೂ ಸೇರಿರುತ್ತದೆ. ಅವರ ಕಡೆಯ ಕೆಲಸಗಾರರಿಗೆ ವೇತನ, ವಂತಿಗೆ ಸರಿಯಾಗಿ ಸಲ್ಲುತ್ತಿದೆಯೇ ಎಂದು ರಸೀದಿ ಕೇಳಿ ನೋಡಿ, ಏಕೆಂದರೆ ಅನೇಕ ದೇಶಗಳಲ್ಲಿ ಏಜೆನ್ಸಿ ತಪ್ಪಿದರೆ ಹೊಣೆ ಕೆಲಸ ಮಾಡಿಸಿಕೊಂಡವರ ತಲೆಗೂ ಬರುತ್ತದೆ.

ಖರ್ಚನ್ನು ಹೀಗೆ ಲೆಕ್ಕ ಹಾಕಿ

ತಿಂಗಳ ಸಂಬಳ 100 ಎಂದಿಟ್ಟುಕೊಳ್ಳಿ. ವಂತಿಗೆ, ಬೋನಸ್, ಕಂಪ್ಯೂಟರ್, ಜಾಗ ಎಲ್ಲ ಸೇರಿ ಮೇಲಿನ ಖರ್ಚು 30 ಎನ್ನೋಣ. ತಿಂಗಳಿಗೆ 130ರಂತೆ ಹನ್ನೆರಡು ತಿಂಗಳು, ವರ್ಷಕ್ಕೆ ಒಟ್ಟು 1,560. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ದಿನ. ಹಬ್ಬ, ರಜೆ, ಕಾಯಿಲೆ ಎಂದು 35 ದಿನ ಕಳೆದರೆ 225. ಅಂದರೆ ಅವರು ನಿಜವಾಗಿ ಕೆಲಸ ಮಾಡುವ ದಿನವೊಂದಕ್ಕೆ ನಿಮಗೆ ಬೀಳುವುದು ಸುಮಾರು 7.

ಅದೇ ಕೆಲಸಕ್ಕೆ ಫ್ರೀಲ್ಯಾನ್ಸರ್ ದಿನಕ್ಕೆ 12 ಕೇಳುತ್ತಾರೆ ಎನ್ನೋಣ. ಕೇಳಿದ ತಕ್ಷಣ ದುಬಾರಿ ಎನಿಸುತ್ತದೆ. ಆದರೆ ಆ 12ರಲ್ಲಿ ಅವರ ರಜೆ, ಅವರ ವಿಮೆ, ಅವರ ಲ್ಯಾಪ್‌ಟಾಪ್, ಕೆಲಸ ಸಿಗದ ದಿನಗಳು ಎಲ್ಲ ಅಡಗಿವೆ. 1,560ನ್ನು 12ರಿಂದ ಭಾಗಿಸಿದರೆ 130 ಬರುತ್ತದೆ. ವರ್ಷಕ್ಕೆ 130 ದಿನಕ್ಕಿಂತ ಕಡಿಮೆ, ಅಂದರೆ ತಿಂಗಳಿಗೆ ಹನ್ನೊಂದು ದಿನದೊಳಗೆ ಮುಗಿಯುವ ಕೆಲಸವಾದರೆ ಫ್ರೀಲ್ಯಾನ್ಸರ್ ಅಗ್ಗ. ಅದನ್ನು ಮೀರಿದರೆ ನೌಕರರೇ ಅಗ್ಗ. ವರ್ಷಕ್ಕೆ 80 ದಿನದ ಕೆಲಸಕ್ಕೆ ಪೂರ್ಣಾವಧಿ ನೌಕರರನ್ನು ಇಟ್ಟರೆ ಬಳಕೆಯಾದ ದಿನವೊಂದಕ್ಕೆ 19.5 ತೆತ್ತಂತಾಗುತ್ತದೆ.

ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು. ನಿಮ್ಮ ಸಂಬಳ, ನಿಮ್ಮ ವಂತಿಗೆ, ನಿಮಗೆ ಬಂದ ದರಪಟ್ಟಿ ಹಾಕಿ ಹೀಗೇ ಮಾಡಿ ನೋಡಿ. ಜೊತೆಗೆ ನಿಮ್ಮ ಸ್ವಂತ ಸಮಯವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಹೊಸ ಫ್ರೀಲ್ಯಾನ್ಸರ್ ಬಂದಾಗಲೆಲ್ಲ ಉದ್ಯಮದ ಪರಿಚಯ ಮೊದಲಿನಿಂದ ಮಾಡಿಕೊಡಬೇಕು. ಹೊಸ ನೌಕರರಿಗೂ ಕಲಿಸಬೇಕು, ಆದರೆ ಅವರು ನಿಂತರೆ ಅದು ಒಮ್ಮೆ ಮಾತ್ರ.

ಮಾಡಿಸಿದ ಕೆಲಸ ಯಾರದ್ದು?

ಹಣ ಕೊಟ್ಟು ಮಾಡಿಸಿದ ಮೇಲೆ ಅದು ನಮ್ಮದೇ ಎಂದು ಅನಿಸುವುದು ಸಹಜ. ಕಾನೂನು ಹಾಗೆ ಹೇಳುವುದಿಲ್ಲ. ನೌಕರರು ತಮ್ಮ ಕೆಲಸದ ಭಾಗವಾಗಿ ಬರೆದದ್ದು, ರೂಪಿಸಿದ್ದು ಸಾಮಾನ್ಯವಾಗಿ ಮಾಲೀಕರಿಗೆ ಸೇರುತ್ತದೆ. ಹೊರಗಿನವರು ಮಾಡಿದ್ದು, ಬರಹದಲ್ಲಿ ವರ್ಗಾಯಿಸದಿದ್ದರೆ, ಬಹುಮಟ್ಟಿಗೆ ಅವರ ಬಳಿಯೇ ಉಳಿಯುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಒಬ್ಬ ಶಿಲ್ಪಿಯ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಒಂದು ಸಂಸ್ಥೆ ಹಣ ಕೊಟ್ಟು, ಸಲಹೆ ಕೊಟ್ಟು ಶಿಲ್ಪ ಮಾಡಿಸಿತ್ತು. ಶಿಲ್ಪಿ ತನ್ನದೇ ಕಾರ್ಯಾಗಾರದಲ್ಲಿ, ತನ್ನದೇ ಉಪಕರಣಗಳಿಂದ ಮಾಡಿದ ಸ್ವತಂತ್ರ ಗುತ್ತಿಗೆದಾರನಾದ್ದರಿಂದ ಅದನ್ನು ನೌಕರರ ಕೃತಿಯೆಂದು ಎಣಿಸಲಾಗದು ಎಂದಿತು ನ್ಯಾಯಾಲಯ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ನಿಮ್ಮ ಉದ್ಯಮವೇ ನಿಂತಿರುವ ಸಾಫ್ಟ್‌ವೇರನ್ನು ಫ್ರೀಲ್ಯಾನ್ಸರ್ ಬರೆದುಕೊಟ್ಟಿದ್ದು, ಒಪ್ಪಂದದಲ್ಲಿ ಕಾಲ ನಮೂದಾಗದಿದ್ದರೆ, ಆರನೇ ವರ್ಷ ಏನಾಗಬಹುದೆಂದು ಯೋಚಿಸಿ.

ಗುತ್ತಿಗೆದಾರರನ್ನೇ ಆರಿಸಿದರೆ

ಒಪ್ಪಂದದ ಪ್ರಾಣ ಇರುವುದು ಕೆಲಸದ ವಿವರಣೆಯಲ್ಲಿ. 'ಕಂಪನಿಗೆ ವೆಬ್‌ಸೈಟ್ ಮಾಡಿಕೊಡುವುದು' ಎಂದಷ್ಟೇ ಬರೆದರೆ ಜಗಳ ಖಚಿತ. ಹೀಗೆ ಬರೆದು ನೋಡಿ: 'ಎಂಟು ಪುಟಗಳ ವೆಬ್‌ಸೈಟ್. ಪುಟಗಳ ಪಟ್ಟಿ ಲಗತ್ತಿಸಿದೆ. ಬರಹ, ಫೋಟೊಗಳನ್ನು ಗ್ರಾಹಕರು ಒದಗಿಸತಕ್ಕದ್ದು. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣಬೇಕು. ಮೊದಲ ಕರಡು ಮೂರು ವಾರದಲ್ಲಿ. ಎರಡು ಸುತ್ತಿನ ತಿದ್ದುಪಡಿ ಈ ದರದಲ್ಲೇ ಸೇರಿದೆ, ಆಮೇಲಿನದಕ್ಕೆ ಗಂಟೆಗೆ ಇಷ್ಟು. ಡೊಮೇನ್ (ವೆಬ್‌ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗ) ಗ್ರಾಹಕರ ಹೆಸರಿನಲ್ಲೇ ಇರತಕ್ಕದ್ದು. ಕೊನೆಯ ಕಂತು ಸಂದಾಯವಾದೊಡನೆ ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಜಗತ್ತಿನಾದ್ಯಂತ ಗ್ರಾಹಕರಿಗೆ ವರ್ಗಾವಣೆ.' ಹತ್ತು ಸಾಲು ಸಾಕು. ತಿದ್ದುಪಡಿ ಎಷ್ಟು ಸುತ್ತು ಎಂಬ ಒಂದೇ ವಾಕ್ಯ ಬಹಳ ಮನಸ್ತಾಪಗಳನ್ನು ತಡೆಯುತ್ತದೆ.

ಡೊಮೇನ್ ಸಾಲನ್ನು ಬಿಡಬೇಡಿ. ಡೊಮೇನ್ ಫ್ರೀಲ್ಯಾನ್ಸರ್ ಹೆಸರಿನಲ್ಲಿದ್ದು ಅವರು ಫೋನ್ ಎತ್ತದಿದ್ದರೆ ನಿಮ್ಮ ಅಂಗಡಿಯ ಬೀಗದ ಕೈ ಬೇರೆಯವರ ಜೇಬಿನಲ್ಲಿದ್ದಂತೆ. ಇಮೇಲ್, ಲೆಕ್ಕದ ಸಾಫ್ಟ್‌ವೇರ್, ಸಾಮಾಜಿಕ ಜಾಲತಾಣದ ಖಾತೆ, ಎಲ್ಲವೂ ನಿಮ್ಮ ಹೆಸರಿನಲ್ಲಿರಲಿ, ಅವರಿಗೆ ಪ್ರವೇಶ ಮಾತ್ರ ಕೊಡಿ.

ಇನ್ನೊಂದು ಮಾತು, ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಹೇಳಿದ ದಿನ ಹಣ ಕೊಡಿ. ನೌಕರರ ಸಂಬಳ ತಡವಾದರೆ ಕೇಳಲು ಕಾನೂನಿದೆ, ಸಹೋದ್ಯೋಗಿಗಳಿದ್ದಾರೆ. ಒಬ್ಬರೇ ದುಡಿಯುವ ಫ್ರೀಲ್ಯಾನ್ಸರ್‌ಗೆ ನಿಮ್ಮ ಇನ್‌ವಾಯ್ಸ್ ಆ ತಿಂಗಳ ಮನೆಬಾಡಿಗೆಯಾಗಿರಬಹುದು. ನೂರಕ್ಕೆ ಮೂವತ್ತು ಪಾಲು ಮುಂಗಡ, ನಡುವೆ ಒಂದು ಕಂತು, ಒಪ್ಪಿಸಿದ ಮೇಲೆ ಉಳಿದದ್ದು ಎಂಬ ಕ್ರಮ ಇಬ್ಬರಿಗೂ ನೆಮ್ಮದಿ. ಹೀಗೆ ನಡೆದುಕೊಳ್ಳುವ ಗ್ರಾಹಕರ ಕೆಲಸವನ್ನು ಒಳ್ಳೆಯ ಫ್ರೀಲ್ಯಾನ್ಸರ್‌ಗಳು ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಯಾರಿಗೆ ಯಾವುದು

ಆಗಷ್ಟೇ ಶುರುವಾದ, ಮುಂದಿನ ಆರು ತಿಂಗಳ ವರಮಾನ ಗೊತ್ತಿಲ್ಲದ ಉದ್ಯಮವಾದರೆ ವಿನ್ಯಾಸ, ವೆಬ್‌ಸೈಟ್, ತೆರಿಗೆ ಸಲಹೆ ಇಂಥ ಒಮ್ಮೆ ಮುಗಿಯುವ ಪರಿಣತಿಯ ಕೆಲಸಗಳನ್ನು ಫ್ರೀಲ್ಯಾನ್ಸರ್‌ಗಳಿಗೆ ಕೊಡಿ. ಸಂಬಳದ ಹೊಣೆಯನ್ನು ಈಗಲೇ ಹೊರಬೇಡಿ.

ಗ್ರಾಹಕರೊಂದಿಗೆ ದಿನವೂ ಮಾತಾಡುವವರು, ಹಣದ ಪೆಟ್ಟಿಗೆ ಮುಟ್ಟುವವರು, ನಿಮ್ಮ ಸರಕನ್ನು ತಯಾರಿಸುವವರು ನೌಕರರಾಗಿರುವುದೇ ಮೇಲು. ಹಣ ಬಿಗಿಯಿದ್ದರೆ ಅರೆಕಾಲಿಕವಾಗಿ ಶುರುಮಾಡಿ, ವ್ಯಾಪಾರ ಏರಿದಂತೆ ಗಂಟೆಗಳನ್ನು ಏರಿಸಿ.

ವರ್ಷದಲ್ಲಿ ಎರಡೋ ಮೂರೋ ತಿಂಗಳು ಮಾತ್ರ ಕೆಲಸ ಉಕ್ಕುವ ಉದ್ಯಮಗಳಿಗೆ ಆ ಅವಧಿಗಷ್ಟೇ ನೇಮಕ ಅಥವಾ ಏಜೆನ್ಸಿ. ಆ ತಿಂಗಳುಗಳಲ್ಲಿ ನಿಮಗೆ ಬೇಕಿರುವುದು ಹೇಳಿದ ಹೊತ್ತಿಗೆ ಬಂದು ನಿಲ್ಲುವ ಕೈಗಳು, ಅದನ್ನು ಫ್ರೀಲ್ಯಾನ್ಸರ್‌ಗಳಿಂದ ನಿರೀಕ್ಷಿಸುವುದು ತಪ್ಪು. ಲೆಕ್ಕಪತ್ರ, ಸಂಬಳ ಬಟವಾಡೆ, ಸ್ವಚ್ಛತೆ ಇವು ತಪ್ಪದೆ ನಡೆಯಬೇಕು, ಆದರೆ ಇಡೀ ದಿನ ಬೇಡುವುದಿಲ್ಲ. ಇವಕ್ಕೆ ಏಜೆನ್ಸಿ ಅಥವಾ ಹಲವು ಗ್ರಾಹಕರನ್ನು ಹೊಂದಿರುವ ಅನುಭವಿ ಗುತ್ತಿಗೆದಾರರು ಚೆನ್ನ.

ಹೆಚ್ಚಿನ ಉದ್ಯಮಗಳಿಗೆ ಕೊನೆಗೆ ಒಗ್ಗುವುದು ಬೆರಕೆಯೇ: ಉದ್ಯಮದ ತಿರುಳನ್ನು ಹಿಡಿದ ಒಬ್ಬಿಬ್ಬರು ನೌಕರರು, ಅವರ ಸುತ್ತ ಬೇಕಾದಾಗ ಬರುವ ಪರಿಣತರು.

ಆರು ತಿಂಗಳಿಗೊಮ್ಮೆ ನಿಮ್ಮ ಫ್ರೀಲ್ಯಾನ್ಸರ್‌ಗಳ ಪಟ್ಟಿ ತೆಗೆದು ನೋಡಿ. ಯಾರಾದರೂ ನಿಮಗಾಗಿ ಮಾತ್ರ ದುಡಿಯುತ್ತಿದ್ದಾರೆಯೇ, ಪ್ರತಿ ತಿಂಗಳೂ ಒಂದೇ ಮೊತ್ತದ ಇನ್‌ವಾಯ್ಸ್ ಕಳಿಸುತ್ತಿದ್ದಾರೆಯೇ, ರಜೆ ಬೇಕಾದಾಗ ನಿಮ್ಮನ್ನು ಕೇಳುತ್ತಿದ್ದಾರೆಯೇ? ಹಾಗಿದ್ದರೆ ಆ ನಂಟು ಆಗಲೇ ನೌಕರಿಯಾಗಿದೆ. ಅವರನ್ನು ಕೂರಿಸಿಕೊಂಡು ನೌಕರಿಯ ಮಾತಾಡಿ, ಸಂಬಳ ಎಷ್ಟು, ರಜೆ ಎಷ್ಟು ಎಂದು ಸ್ಪಷ್ಟವಾಗಿ ಮುಂದಿಡಿ. ಸ್ವತಂತ್ರವಾಗಿಯೇ ಇರುತ್ತೇನೆ ಎಂದರೆ ಕೆಲಸವನ್ನು ಮತ್ತೆ ತುಂಡು ತುಂಡಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ದರ ಮತ್ತು ಗಡುವು ಬರೆದು, ಹೊತ್ತು ಮತ್ತು ವಿಧಾನದ ಮೇಲಿನ ಹಿಡಿತವನ್ನು ನಿಜವಾಗಿಯೂ ಬಿಟ್ಟುಕೊಡಿ. ಹಿಡಿತ ಬಿಡಲಾಗದ ಭಾಗ ಯಾವುದೋ ಅದಕ್ಕೆ ಅರೆಕಾಲಿಕ ನೌಕರರನ್ನು ಹುಡುಕಲು ಶುರುಮಾಡಿ.